ತೋಳನಾಗುವ ಮನುಷ್ಯನ ಕಥೆ ಮತ್ತು ಬಿರುಗಾಳಿಯ ನಂತರದ ತರಗತಿ

(ಗಡಿನಾಡ ಕನ್ನಡ ಮಾಧ್ಯಮ ಶಿಕ್ಷಕರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಇಂದಿನ ಉಪನ್ಯಾಸದ ಶೀರ್ಷಿಕೆಯನ್ನು ಕಾರ್ಯಕ್ರಮ ಪಟ್ಟಿಯಲ್ಲಿ ಓದಿ ತಮ್ಮಲ್ಲಿ ಕೆಲವರು ಮುಗುಳ್ನಕ್ಕಿರಬಹುದು. ತೋಳನಾಗುವ ಮನುಷ್ಯನಿಗೂ ಬಿರುಗಾಳಿಗೂ ಏನು ಸಂಬಂಧ? ಈ ಎರಡಕ್ಕೂ ನಮ್ಮ ಕನ್ನಡ ತರಗತಿಯಲ್ಲಿ ಏನು ಕೆಲಸ? ಈ ಪ್ರಶ್ನೆಗಳು ಸಹಜವಾದವು. ಆದರೆ ತರಬೇತಿ ಶಿಬಿರಗಳಲ್ಲಿ ಪ್ರೌಢಶಾಲೆಯ ಶಿಕ್ಷಕರು ಈಚೆಗೆ ಪದೇ ಪದೇ ಮುಂದಿಡುವ ಒಂದು ಸಂಗತಿ ಉಂಟು. ಎಂಟು, ಒಂಬತ್ತನೆಯ ತರಗತಿಯ ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ನೋಟುಪುಸ್ತಕದ ಹಿಂದಿನ ಹಾಳೆಗಳಲ್ಲಿ ಗುಟ್ಟಾಗಿ ಕಥೆ ಬರೆಯುತ್ತಾರೆ. ಆ ಕಥೆಗಳಲ್ಲಿ ಹುಣ್ಣಿಮೆಯ ರಾತ್ರಿ ತೋಳನಾಗುವ ತರುಣನಿರುತ್ತಾನೆ, ಅವನಿಗೊಂದು ಬಳಗವಿರುತ್ತದೆ, ಅವನಿಗಾಗಿಯೇ ಹುಟ್ಟಿದ ಹುಡುಗಿಯೊಬ್ಬಳಿರುತ್ತಾಳೆ. ಶಿಕ್ಷಕರು ಕೇಳುವುದು ಇಷ್ಟು: ಈ ಪುಸ್ತಕವನ್ನು ಕಿತ್ತುಕೊಳ್ಳಬೇಕೆ, ಪಾಲಕರನ್ನು ಕರೆಸಬೇಕೆ, ಕಂಡೂ ಕಾಣದಂತೆ ಇರಬೇಕೆ?

ಇನ್ನೊಂದು ಪ್ರಶ್ನೆಯೂ ಅದೇ ಶಿಬಿರಗಳಲ್ಲಿ ಬರುತ್ತದೆ. ಪ್ರವಾಹ, ಭೂಕುಸಿತ, ಚಂಡಮಾರುತಗಳ ಬಳಿಕ ಶಾಲೆ ಮತ್ತೆ ತೆರೆದಾಗ ಮಾತು ಬಿಟ್ಟ ಮಕ್ಕಳಿಂದ ಏನನ್ನು ಬರೆಯಿಸಬೇಕು? ಈ ಎರಡು ಪ್ರಶ್ನೆಗಳಿಗೆ ಉತ್ತರ ಬಹುಮಟ್ಟಿಗೆ ಒಂದೇ ಎಂಬುದು ನನ್ನ ನಿಲುವು. ರೂಪ ಬದಲಿಸುವ ಪ್ರಾಣಿಯ ಕಥೆಯು ಮಗುವಿನ ಭಯಕ್ಕೆ ಒಂದು ಆಕಾರವನ್ನು, ಒಂದು ನಿಯಮವನ್ನು, ಮರಳಿ ಬರುವ ಒಂದು ದಾರಿಯನ್ನು ಕೊಡುತ್ತದೆ. ದುರಂತವು ಮಗುವಿನಿಂದ ಕಸಿದುಕೊಳ್ಳುವುದು ಈ ಮೂರನ್ನೇ. ಇದನ್ನು ವಿವರಿಸಲು ನಾನು ಮೊದಲು ದೂರದ ಒಂದು ನಾಡಿಗೆ ಹೋಗಿ, ಅನಂತರ ನಮ್ಮ ಗಡಿಗೆ ಬರುತ್ತೇನೆ.

ವೀರ ಮತ್ತು ವೃಕ

ಮೊದಲಿಗೆ ಆ ಹೆಸರನ್ನೇ ನೋಡೋಣ. ಇಂಗ್ಲಿಷಿನ 'ವೇರ್‌ವುಲ್ಫ್' ಎಂಬ ಪದದ ಮೊದಲ ಭಾಗವಾದ 'ವೇರ್' ಹಳೆಯ ಇಂಗ್ಲಿಷಿನಲ್ಲಿ ಗಂಡಸು ಎಂಬ ಅರ್ಥದ ಮಾತು. ಲ್ಯಾಟಿನ್ನಿನ 'ವಿರ್' ಹಾಗೂ ಸಂಸ್ಕೃತದ 'ವೀರ' ಇದರ ಸಹೋದರ ಪದಗಳು. 'ವುಲ್ಫ್' ಎಂಬುದು ಸಂಸ್ಕೃತದ 'ವೃಕ' ಶಬ್ದದ ಜ್ಞಾತಿ. ಹಾಗಾಗಿ ವೇರ್‌ವುಲ್ಫ್ ಎಂದರೆ ಶಬ್ದಶಃ 'ವೀರವೃಕ'. ವೃಕೋದರನೆಂದರೆ ಭೀಮನೆಂದು ನಮ್ಮ ಮಕ್ಕಳಿಗೆ ನಾವು ಕಲಿಸುತ್ತೇವೆ. ಹೊಟ್ಟೆಯಲ್ಲಿ ತೋಳನ ಹಸಿವನ್ನು ಹೊತ್ತವನು ಎಂಬ ಕಲ್ಪನೆ ನಮಗೆ ಹೊಸದಲ್ಲ.

ರೋಮನ್ ಕವಿ ಓವಿಡ್ ಕ್ರಿ.ಶ. 8ರ ಸುಮಾರಿಗೆ ಪೂರ್ಣಗೊಳಿಸಿದ 'ಮೆಟಮಾರ್ಫಸಿಸ್' ಕಾವ್ಯದ ಮೊದಲ ಸರ್ಗದಲ್ಲಿ ಲೈಕೇಯನ್ ಎಂಬ ಕ್ರೂರ ದೊರೆಯ ಕಥೆಯಿದೆ. ಅತಿಥಿಯಾಗಿ ಬಂದ ದೇವರಿಗೆ ಅವನು ಮನುಷ್ಯಮಾಂಸವನ್ನು ಬಡಿಸುತ್ತಾನೆ, ಶಿಕ್ಷೆಯಾಗಿ ತೋಳನಾಗುತ್ತಾನೆ. ಬಯಲಿಗೆ ಓಡಿದ ಅವನು ಮಾತನಾಡಲು ಯತ್ನಿಸುತ್ತಾನೆ, ಊಳಿಡುವುದಷ್ಟೇ ಸಾಧ್ಯವಾಗುತ್ತದೆ. ಈ ಪ್ರಸಂಗದ ಬೆನ್ನಿಗೇ ಕಾವ್ಯದಲ್ಲಿ ಮಹಾಪ್ರಳಯ ಬರುತ್ತದೆ. ಪ್ರಳಯದಿಂದ ಉಳಿಯುವವರು ಡ್ಯೂಕೇಲಿಯನ್ ಮತ್ತು ಪಿರ್ರ ಎಂಬ ದಂಪತಿಗಳು. ಅವರು ತಾಯಿಯ ಮೂಳೆಗಳೆಂದು ಭೂಮಿಯ ಕಲ್ಲುಗಳನ್ನು ಹೆಗಲ ಹಿಂದಕ್ಕೆ ಎಸೆಯುತ್ತ ನಡೆದಾಗ ಆ ಕಲ್ಲುಗಳು ಮತ್ತೆ ಮನುಷ್ಯರಾಗುತ್ತವೆ. ತೋಳನಾಗುವ ಮನುಷ್ಯನೂ ಊರು ಮುಳುಗಿಸುವ ನೀರೂ ಎರಡು ಸಾವಿರ ವರ್ಷಗಳ ಹಿಂದೆಯೇ ಅಕ್ಕಪಕ್ಕದಲ್ಲಿ ನಿಂತಿವೆ ಎಂಬುದನ್ನು ಗಮನಿಸಬೇಕು. ದುಃಖದ ಮೊದಲ ಲಕ್ಷಣ ಮಾತು ಹೋಗುವುದು, ಕೊನೆಯ ಹಂತ ಮತ್ತೆ ಮನುಷ್ಯರ ನಡುವೆ ಬಾಳುವುದು ಎಂಬ ತಿಳಿವು ಅಲ್ಲಿದೆ.

ಪ್ರೇಮದ ಎಳೆ ಈ ಕಥೆಗೆ ಸೇರಿದ್ದು ಮಧ್ಯಯುಗದಲ್ಲಿ. ಹನ್ನೆರಡನೆಯ ಶತಮಾನದ ಫ್ರೆಂಚ್ ಕವಯಿತ್ರಿ ಮರೀ ದ ಫ್ರಾನ್ಸ್ ರಚಿಸಿದ 'ಬಿಸ್‌ಕ್ಲಾವ್ರೆ' ಎಂಬ ಕಥನಕವನದಲ್ಲಿ ಒಬ್ಬ ಸಜ್ಜನ ಸರದಾರ ವಾರದಲ್ಲಿ ಮೂರು ದಿನ ತೋಳನಾಗಿ ಕಾಡಿನಲ್ಲಿರುತ್ತಾನೆ. ಕಳಚಿಟ್ಟ ಬಟ್ಟೆ ಸಿಕ್ಕರೆ ಮಾತ್ರ ಮರಳಿ ಮನುಷ್ಯನಾಗಬಲ್ಲ. ಹೆಂಡತಿ ಈ ಗುಟ್ಟನ್ನು ತಿಳಿದುಕೊಂಡು ಬಟ್ಟೆಯನ್ನು ಕದಿಸುತ್ತಾಳೆ. ಬೇಟೆಗೆ ಬಂದ ರಾಜನು ಈ ತೋಳನಲ್ಲಿ ಮನುಷ್ಯನ ವಿವೇಕವನ್ನು ಕಂಡು ಅರಮನೆಯಲ್ಲಿ ಇಟ್ಟುಕೊಳ್ಳುತ್ತಾನೆ. ಸತ್ಯ ಹೊರಬಿದ್ದ ಮೇಲೆ ಬಟ್ಟೆಯನ್ನು ತರಿಸಿ ಸಭೆಯಲ್ಲಿಯೇ ಇಡುತ್ತಾರೆ. ತೋಳ ಅದರತ್ತ ನೋಡುವುದೂ ಇಲ್ಲ. ಆಗ ಒಬ್ಬ ಹಿರಿಯ ಹೇಳುತ್ತಾನೆ, ಎಲ್ಲರ ಕಣ್ಣೆದುರು ರೂಪ ಬದಲಿಸಲು ಅದಕ್ಕೆ ನಾಚಿಕೆ, ಒಳಕೋಣೆಗೆ ಕರೆದೊಯ್ದು ಬಾಗಿಲು ಮುಚ್ಚಿ ಒಂಟಿಯಾಗಿ ಬಿಡಿ ಎಂದು. ಹಾಗೆ ಬಿಟ್ಟಾಗ ಸರದಾರ ಮನುಷ್ಯನಾಗುತ್ತಾನೆ. ಆ ಹಿರಿಯನ ಮಾತನ್ನು ತಾವು ನೆನಪಿನಲ್ಲಿಡಬೇಕು. ತರಗತಿಯ ಚರ್ಚೆಯಲ್ಲಿ ಅದು ಮತ್ತೆ ಬರುತ್ತದೆ.

ನಮ್ಮಲ್ಲಿಯೂ ಈ ಬಗೆಯ ಕಥೆಗಳಿಗೆ ಕೊರತೆಯಿಲ್ಲ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜಾನಪದ ಕಥೆಯನ್ನು ಆಧರಿಸಿ ಗಿರೀಶ ಕಾರ್ನಾಡರು ಬರೆದ 'ನಾಗಮಂಡಲ'ದಲ್ಲಿ ನಾಗರಹಾವು ಗಂಡನ ರೂಪದಲ್ಲಿ ರಾತ್ರಿ ರಾತ್ರಿ ರಾಣಿಯ ಬಳಿಗೆ ಬರುತ್ತದೆ. ರಾಮಾನುಜನ್ ಸಂಗ್ರಹಿಸಿದ ಇನ್ನೊಂದು ಕನ್ನಡ ಕಥೆಯಲ್ಲಿ ಹುಡುಗಿಯೊಬ್ಬಳು ಹೂವಿನ ಗಿಡವಾಗುತ್ತಾಳೆ. ಬಿಂದಿಗೆಯ ನೀರನ್ನು ಎಚ್ಚರದಿಂದ ಸುರಿದರೆ ಮರಳಿ ಹುಡುಗಿಯಾಗುತ್ತಾಳೆ, ರೆಂಬೆ ಮುರಿದರೆ ಅವಳ ಅಂಗ ಊನವಾಗುತ್ತದೆ. ಕಾಸರಗೋಡಿನ ಮಕ್ಕಳು ಪಿಲಿಚಾಮುಂಡಿಯ ನೇಮವನ್ನೂ ನವರಾತ್ರಿಯ ಹುಲಿವೇಷವನ್ನೂ ಕಣ್ಣಾರೆ ಕಂಡವರು. ಮನುಷ್ಯನ ಮೈಯಲ್ಲಿ ಮೃಗ ಬರುವುದು, ಮೃಗ ಮರಳಿ ಮನುಷ್ಯನಾಗುವುದು ಅವರಿಗೆ ವಿದೇಶಿ ಸರಕಲ್ಲ.

ಮಕ್ಕಳಿಗೆ ಈ ಕಥೆ ಏಕೆ ಬೇಕು

ಹಾಗಾದರೆ ಇಂದಿನ ಹದಿಹರೆಯದವರನ್ನು ತೋಳದ ಪ್ರೇಮಕಥೆ ಇಷ್ಟು ಬಲವಾಗಿ ಸೆಳೆಯುವುದೇಕೆ? ಸ್ಟೆಫನಿ ಮೇಯರ್ ಅವರ 'ಟ್ವೈಲೈಟ್' 2005ರಲ್ಲಿ ಪ್ರಕಟವಾಯಿತು. ಅದರ ಮುಂದಿನ ಭಾಗಗಳಲ್ಲಿ ತೋಳನಾಗುವ ತರುಣನೇ ಮುಖ್ಯ ಪಾತ್ರಗಳಲ್ಲೊಬ್ಬ. 2006ರಲ್ಲಿ ಆರಂಭವಾದ ವಾಟ್‌ಪ್ಯಾಡ್ ಎಂಬ ಕಥಾವೇದಿಕೆಯಲ್ಲಿ ತೋಳಮಾನವರ ಕಥೆಗಳಿಗೆ ಪ್ರತ್ಯೇಕ ವಿಭಾಗವೇ ಇದೆ. ಅಲ್ಲಿ ಓದುವವರು ಮಾತ್ರವಲ್ಲ, ಬರೆಯುವವರೂ ಬಹುಪಾಲು ತರುಣಿಯರು. ಮನೆಯ ಮೊಬೈಲಿನ ಮೂಲಕ ಈ ಕಥೆಗಳು ನಮ್ಮ ಹಳ್ಳಿಗಳಿಗೂ ಬಂದಿವೆ.

ಈ ಕಥೆಗಳ ಕಟ್ಟಡವನ್ನು ಬಿಚ್ಚಿ ನೋಡಿದರೆ ನಾಲ್ಕು ಕಂಬಗಳು ಕಾಣುತ್ತವೆ. ಒಂದು, ಬದಲಾಗುವ ದೇಹ. ಕೂದಲು ಬೆಳೆಯುತ್ತದೆ, ದನಿ ಒಡೆಯುತ್ತದೆ, ತಿಂಗಳ ಲೆಕ್ಕಕ್ಕೆ ಮೈ ತನ್ನ ಹತೋಟಿ ತಪ್ಪುತ್ತದೆ. ಹದಿಮೂರರ ಮಗುವಿಗೆ ಇದು ತನ್ನದೇ ಚರಿತ್ರೆ. ಎರಡು, ಬಳಗ. ತೋಳ ಒಂಟಿಯಲ್ಲ, ಒಬ್ಬನಿಗೆ ಗಾಯವಾದರೆ ಎಲ್ಲರಿಗೂ ತಿಳಿಯುತ್ತದೆ. ಮೂರು, ಕಡಿಯಲಾಗದ ನಂಟು. ಜಗತ್ತು ಬುಡಮೇಲಾದರೂ ತನ್ನನ್ನು ಬಿಟ್ಟುಹೋಗದ ಒಬ್ಬರು ಇದ್ದಾರೆ ಎಂಬ ಭರವಸೆ. ನಾಲ್ಕು, ನಿಯಮ. ಮೃಗ ಬರುವುದು ಹುಣ್ಣಿಮೆಯಂದು, ಬೆಳಗಾದರೆ ಹೋಗುತ್ತದೆ. ಭಯಕ್ಕೊಂದು ಪಂಚಾಂಗವಿದೆ.

ಈಗ ಮನೆ ಕಳೆದುಕೊಂಡ ಮಗುವನ್ನು ಈ ಪಟ್ಟಿಯ ಎದುರು ನಿಲ್ಲಿಸಿ ನೋಡಿ. ಅದರ ದೇಹ ಮಳೆಯ ಸದ್ದಿಗೆ ನಡುಗುತ್ತದೆ, ಹತೋಟಿಗೆ ಸಿಗುವುದಿಲ್ಲ. ಅದರ ಬಳಗ ಬೇರೆ ಬೇರೆ ಪರಿಹಾರ ಶಿಬಿರಗಳಿಗೆ ಹಂಚಿಹೋಗಿದೆ. ಬಿಟ್ಟುಹೋಗಲಾರರು ಎಂದು ನಂಬಿದವರು ಹೋಗಿದ್ದಾರೆ. ನೀರಿಗೆ ನಿಯಮವಿಲ್ಲ, ಯಾವ ರಾತ್ರಿಯಾದರೂ ಬರಬಹುದು. ಇಂಥ ಮಗು ತೋಳನ ಕಥೆ ಬರೆಯಲು ಕುಳಿತರೆ ಅದು ವಾಸ್ತವದಿಂದ ಓಡಿಹೋಗುತ್ತಿದೆ ಎಂದು ಆತುರದಿಂದ ತೀರ್ಮಾನಿಸಬಾರದು. ಕಳೆದುಹೋದ ನಾಲ್ಕು ಕಂಬಗಳನ್ನು ಕಾಗದದ ಮೇಲೆ ಮತ್ತೆ ನೆಡುತ್ತಿರಬಹುದು.

ಲೂಯಿಸಿಯಾನದ ಪಾಠ

ಅಮೆರಿಕದ ದಕ್ಷಿಣ ತೀರದಲ್ಲಿರುವ ಲೂಯಿಸಿಯಾನ ರಾಜ್ಯದಲ್ಲಿ ತೋಳಮಾನವ, ಚಂಡಮಾರುತ ಮತ್ತು ಅಲ್ಪಸಂಖ್ಯಾತರ ಭಾಷೆ ಈ ಮೂರೂ ಒಂದೆಡೆ ಸೇರಿವೆ. ನಮ್ಮಂಥ ಗಡಿನಾಡ ಶಿಕ್ಷಕರಿಗೆ ಆ ನಾಡು ಕನ್ನಡಿಯಂತಿದೆ.

ಕೆನಡಾದ ಪೂರ್ವ ತೀರದಲ್ಲಿ ನೆಲೆಸಿದ್ದ ಫ್ರೆಂಚ್ ಭಾಷಿಕರಾದ ಅಕೇಡಿಯನ್ನರನ್ನು 1755ರಿಂದ ಬ್ರಿಟಿಷರು ಒಕ್ಕಲೆಬ್ಬಿಸಿದರು. ಅವರಲ್ಲಿ ಹಲವರು ಮುಂದಿನ ದಶಕಗಳಲ್ಲಿ ಲೂಯಿಸಿಯಾನದ ಜೌಗು ಪ್ರದೇಶಕ್ಕೆ ಬಂದರು. ಅವರೊಂದಿಗೆ ಮತ್ತು ಅವರಿಗೂ ಮುಂಚೆ ಬಂದ ಫ್ರೆಂಚರೊಂದಿಗೆ 'ಲೂ-ಗರೂ' ಎಂಬ ತೋಳಮಾನವನೂ ಬಂದ. ಅಲ್ಲಿನವರ ನಾಲಗೆಯಲ್ಲಿ ಅವನು 'ರೂಗರೂ' ಆದ. ಈಸ್ಟರ್ ಹಬ್ಬಕ್ಕೆ ಮುಂಚಿನ ವ್ರತವನ್ನು ಏಳು ವರ್ಷ ಸತತವಾಗಿ ಮುರಿದವನು ರೂಗರೂ ಆಗುತ್ತಾನೆಂದು ಒಂದು ಪಾಠ. ಇನ್ನೊಂದರಲ್ಲಿ ಶಾಪದ ಅವಧಿ 101 ದಿನ. ರೂಗರೂ ಹನ್ನೆರಡರ ಮೇಲೆ ಎಣಿಸಲಾರ. ಆದ್ದರಿಂದ ಹೊಸ್ತಿಲಲ್ಲಿ ಹದಿಮೂರು ಚಿಕ್ಕ ವಸ್ತುಗಳನ್ನಿಟ್ಟರೆ ಬೆಳಗಿನವರೆಗೂ ಎಣಿಸುತ್ತ ಕುಳಿತಿರುತ್ತಾನೆ. ಎಷ್ಟು ಭಯಾನಕ, ಎಷ್ಟು ಪೆದ್ದು! ಮಗುವಿಗೆ ತನ್ನ ಭಯವನ್ನು ಎಣಿಕೆಯಿಂದ ಸೋಲಿಸುವ ಉಪಾಯವನ್ನು ಆ ಅಜ್ಜಿಯರು ಕೊಟ್ಟಿದ್ದರು.

ಈ ಕಥೆಗಳು ಫ್ರೆಂಚಿನಲ್ಲಿದ್ದವು. 1921ರ ರಾಜ್ಯ ಸಂವಿಧಾನವು ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನಾ ಮಾಧ್ಯಮವನ್ನಾಗಿ ಮಾಡಿತು. ಶಾಲೆಯ ಆವರಣದಲ್ಲಿ ಫ್ರೆಂಚ್ ಮಾತನಾಡಿದ ಮಕ್ಕಳಿಗೆ ಶಿಕ್ಷೆಯಾಯಿತು; ಇನ್ನು ಮುಂದೆ ಫ್ರೆಂಚ್ ಆಡೆನು ಎಂಬ ವಾಕ್ಯವನ್ನು ನೂರಾರು ಸಲ ಬರೆಯಿಸಿದರು. ಅಜ್ಜಿ ಹೇಳುವ ಕಥೆಯ ಭಾಷೆ ಬೇರೆ, ಮಗು ಬರೆಯಬಲ್ಲ ಭಾಷೆ ಬೇರೆ ಆಯಿತು. 1968ರಲ್ಲಿ ಫ್ರೆಂಚಿನ ಅಭಿವೃದ್ಧಿಗೆ ರಾಜ್ಯವೇ ಒಂದು ಮಂಡಳಿಯನ್ನು ಸ್ಥಾಪಿಸುವ ಹೊತ್ತಿಗೆ ಒಂದೆರಡು ತಲೆಮಾರು ಕಳೆದಿತ್ತು.

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅಪ್ಪಳಿಸಿತು. ಒಡ್ಡುಗಳು ಒಡೆದು ನ್ಯೂ ಆರ್ಲಿಯನ್ಸ್ ನಗರದ ಸುಮಾರು 80 ಪ್ರತಿಶತ ಭಾಗ ಮುಳುಗಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಮಕ್ಕಳ ಶಾಲೆ ತಪ್ಪಿತು. ಬೇಕರ್ ಎಂಬ ಊರಿನ ಸಮೀಪದ ನಿರಾಶ್ರಿತರ ಶಿಬಿರದಲ್ಲಿ ಮಕ್ಕಳಿಗೆ ಬಣ್ಣ ಕಾಗದಗಳನ್ನು ಕೊಟ್ಟು ಚಿತ್ರ ಬರೆಯಲು ಬಿಟ್ಟರು. ಸಾಮಾನ್ಯವಾಗಿ ಮಕ್ಕಳು ಬರೆಯುವ ಮನೆ ಒಂದು ಚೌಕ, ಅದರ ಮೇಲೊಂದು ತ್ರಿಕೋನ. ಈ ಮಕ್ಕಳಲ್ಲಿ ಹಲವರು ಮನೆಯೆಂದು ತ್ರಿಕೋನವನ್ನಷ್ಟೇ ಬರೆದರು. ನೀರಿನ ಮೇಲೆ ಕಂಡದ್ದು ಸೂರು ಮಾತ್ರ. ನಿನ್ನ ಮನೆ ಮುಳುಗಿದ್ದನ್ನು ವರ್ಣಿಸು ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಆ ಚಿತ್ರಗಳು ಮುಂದೆ ನ್ಯೂ ಆರ್ಲಿಯನ್ಸ್‌ನ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡವು. 2012ರಲ್ಲಿ ತೆರೆಕಂಡ 'ಬೀಸ್ಟ್ಸ್ ಆಫ್ ದ ಸದರ್ನ್ ವೈಲ್ಡ್' ಚಲನಚಿತ್ರದಲ್ಲಿಯೂ ಅದೇ ಜೌಗುನಾಡಿನ ಪುಟ್ಟ ಹುಡುಗಿ ಬಿರುಗಾಳಿಯನ್ನೂ ತಂದೆಯ ಸಾವನ್ನೂ ಎದುರಿಸುವುದು ಪುರಾತನ ಕಾಡುಮೃಗಗಳ ಕಲ್ಪನೆಯ ಮೂಲಕ.

ಕತ್ರಿನಾದ ಹದಿನಾರು ವರ್ಷಗಳ ಬಳಿಕ, ಅದೇ ಆಗಸ್ಟ್ 29ರಂದು, 2021ರಲ್ಲಿ, ಐಡಾ ಚಂಡಮಾರುತ ಗಂಟೆಗೆ ಸುಮಾರು 240 ಕಿಲೋಮೀಟರ್ ವೇಗದ ಗಾಳಿಯೊಂದಿಗೆ ಫ್ರೆಂಚ್ ಮಾತನಾಡುವ ಹಳ್ಳಿಗಳ ಮೇಲೆಯೇ ಹಾದುಹೋಯಿತು. ಆ ಸೀಮೆಯ ಮುಖ್ಯ ಪಟ್ಟಣ ಹೂಮಾ. 2012ರಿಂದ ಅಲ್ಲಿ ಅಕ್ಟೋಬರ್ ತಿಂಗಳಲ್ಲಿ ರೂಗರೂ ಉತ್ಸವ ನಡೆಯುತ್ತದೆ. ಅದರ ಆದಾಯ ಜೌಗು ಪ್ರದೇಶದ ಬಗ್ಗೆ ಮಕ್ಕಳಿಗೆ ತಿಳಿವಳಿಕೆ ನೀಡುವ ಕೇಂದ್ರಕ್ಕೆ ಸಲ್ಲುತ್ತದೆ. 1932ರಿಂದೀಚೆಗೆ ಲೂಯಿಸಿಯಾನ ಸುಮಾರು ಐದು ಸಾವಿರ ಚದರ ಕಿಲೋಮೀಟರ್ ತೀರಭೂಮಿಯನ್ನು ಸಮುದ್ರಕ್ಕೆ ಕಳೆದುಕೊಂಡಿದೆ. ಮುಳುಗುತ್ತಿರುವ ನೆಲದ ಜನ ತಮ್ಮ ಮೃಗವನ್ನು ಮೆರವಣಿಗೆಗೆ ಕರೆದು ಅದರ ಹೆಸರಿನಲ್ಲಿ ನೆಲ ಉಳಿಸುವ ಪಾಠ ಹೇಳುತ್ತಿದ್ದಾರೆ.

ಅಲ್ಲಿಯ ಇನ್ನೊಂದು ಸಂಗತಿ ನಮ್ಮ ಹೃದಯಕ್ಕೆ ನೇರವಾಗಿ ತಟ್ಟುವಂಥದು. ಪ್ವಾಂತ್-ಓ-ಶ್ಯೆಂ ಎಂಬ ಮೂಲನಿವಾಸಿ ಫ್ರೆಂಚ್ ಭಾಷಿಕರ ಊರಿನ ಪ್ರಾಥಮಿಕ ಶಾಲೆಯನ್ನು, ದಾಖಲಾತಿ ಕಡಿಮೆಯೆಂಬ ಕಾರಣಕ್ಕೆ, 2021ರಲ್ಲಿ ಚಂಡಮಾರುತಕ್ಕೆ ಕೆಲವು ತಿಂಗಳ ಮೊದಲು ಮುಚ್ಚುವ ನಿರ್ಣಯವಾಗಿತ್ತು. ಮೇಲೆ ಬಿರುಗಾಳಿ ಬಂದು ಮನೆಗಳೂ ಹೋದವು. ಊರಿನವರು ಮನೆ ಕಟ್ಟುವುದರ ಜೊತೆಗೆ ಶಾಲೆಯನ್ನೂ ಕೇಳಿದರು. 2022ರಲ್ಲಿ ರಾಜ್ಯದ ಶಾಸನಸಭೆ ಅವರಿಗಾಗಿ ಕಾನೂನು ಮಾಡಿತು. 2023ರ ಆಗಸ್ಟ್‌ನಲ್ಲಿ ಕೆಳಗಿನ ಕೆಲವೇ ತರಗತಿಗಳೊಂದಿಗೆ ಫ್ರೆಂಚ್ ಮಾಧ್ಯಮದ ಶಾಲೆ ಆರಂಭವಾಯಿತು. ಸೂರು ಹಾರಿಹೋದ ಜನರಿಗೆ ಭಾಷೆಯ ಶಾಲೆ ಮೊದಲ ಅಗತ್ಯಗಳಲ್ಲಿ ಒಂದೆನಿಸಿತು ಎಂಬುದನ್ನು, ದಾಖಲಾತಿಯ ಅಂಕಿಯನ್ನು ಪ್ರತಿ ಜೂನ್‌ನಲ್ಲಿಯೂ ಭಯದಿಂದ ಎಣಿಸುವ ನಾವು ಮರೆಯಬಾರದು.

ನಮ್ಮ ಗಡಿಯಲ್ಲಿ

ಈಗ ನಮ್ಮ ನೆಲಕ್ಕೆ ಬರೋಣ. ಅಟ್ಲಾಂಟಿಕ್‌ನಲ್ಲಿ 'ಹರಿಕೇನ್' ಎನಿಸುವುದೇ ನಮ್ಮ ಕಡಲುಗಳಲ್ಲಿ ಚಂಡಮಾರುತ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕಾಸರಗೋಡಿನಿಂದ ಗೋವೆಯವರೆಗಿನ ತೀರವನ್ನು ಕಂಗೆಡಿಸಿತು. ಸೊಲ್ಲಾಪುರದ ನೆರೆಯ ಜಿಲ್ಲೆಗಳಲ್ಲಿ 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪವನ್ನು ಕಂಡವರು ಇಂದಿಗೂ ಇದ್ದಾರೆ. 2009ರ ಅಕ್ಟೋಬರ್‌ನಲ್ಲಿ ತುಂಗಭದ್ರೆ ಉಕ್ಕಿ ಆದವಾನಿಗೆ ಸಮೀಪದ ಮಂತ್ರಾಲಯ ಜಲಾವೃತವಾಯಿತು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಗ್ರಾಮಗಳ ಮೇಲೆ ಬೆಟ್ಟವೇ ಜರಿದು ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ತೆತ್ತರು.

ವಯನಾಡಿನ ಆ ಪ್ರದೇಶದ ಶಾಲೆಯ ಮಕ್ಕಳ ಪತ್ರಿಕೆಯೊಂದರಲ್ಲಿ ದುರಂತಕ್ಕೆ ಮೊದಲೇ ಒಂದು ಕಥೆ ಬಂದಿತ್ತು. ಜಲಪಾತದಲ್ಲಿ ಮುಳುಗಿ ಸತ್ತ ಹುಡುಗಿಯೊಬ್ಬಳು ಹಕ್ಕಿಯಾಗಿ ಬಂದು, ಅಪಾಯ ಬರಲಿದೆ, ಓಡಿರಿ ಎಂದು ಮಕ್ಕಳನ್ನು ಎಚ್ಚರಿಸುವ ಕಥೆ ಅದು. ಭೂಕುಸಿತದ ಬಳಿಕ ಅನೇಕರು ಅದನ್ನು ಭವಿಷ್ಯವಾಣಿಯೆಂದು ಬಣ್ಣಿಸಿದರು. ಶಿಕ್ಷಕರಾದ ನಾವು ಅದನ್ನು ಬೇರೆ ರೀತಿಯಲ್ಲಿ ಓದಬೇಕು. ಬೆಟ್ಟ, ಹೊಳೆ, ಮಳೆಗಳ ನಡುವೆ ಬೆಳೆದ ಮಗುವಿಗೆ ಆ ನೆಲದ ಅಪಾಯ ಗೊತ್ತಿತ್ತು. ಗೊತ್ತಿದ್ದುದನ್ನು ಹೇಳಲು ರೂಪ ಬದಲಿಸುವ ಹಕ್ಕಿ ಬೇಕಾಯಿತು. ಮಕ್ಕಳ ಅದ್ಭುತ ಕಥೆಗಳಲ್ಲಿ ಎಷ್ಟೋ ಸಲ ಹಿರಿಯರು ಕೇಳಿಸಿಕೊಳ್ಳದ ತಿಳಿವು ಅಡಗಿರುತ್ತದೆ.

ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ದುರಂತದ ಮರುದಿನ ಬರುವ ಎಲ್ಲ ನೆರವೂ ರಾಜ್ಯಭಾಷೆಯಲ್ಲಿ ಬರುತ್ತದೆ. ಪರಿಹಾರದ ಅರ್ಜಿ ಮಲಯಾಳದಲ್ಲಿ, ಆಸ್ಪತ್ರೆಯ ಚೀಟಿ ಮರಾಠಿಯಲ್ಲಿ, ಶಿಬಿರದ ಪ್ರಕಟಣೆ ತಮಿಳಿನಲ್ಲಿ ಅಥವಾ ತೆಲುಗಿನಲ್ಲಿ. ಆಪ್ತಸಮಾಲೋಚಕರು ಒಳ್ಳೆಯ ಮನಸ್ಸಿನಿಂದಲೇ ಬರುತ್ತಾರೆ, ಆದರೆ ಮಗು ಕನಸು ಕಾಣುವ ಭಾಷೆ ಅವರಿಗೆ ಬರುವುದಿಲ್ಲ. ಆಗ ಸರ್ಕಾರದ ಪರವಾಗಿ ಮಗುವಿನ ಎದುರು ನಿಂತು ಮನೆಮಾತಿನಲ್ಲಿ ಕೇಳಿಸಿಕೊಳ್ಳಬಲ್ಲವರು ಒಬ್ಬರೇ, ಅದು ಕನ್ನಡ ಶಿಕ್ಷಕರು. ಆ ಪಾತ್ರವನ್ನು ನಾವು ಬಯಸಿ ಪಡೆದದ್ದಲ್ಲ, ಆದರೆ ಅದು ನಮ್ಮದಾಗಿದೆ.

ತರಗತಿಯಲ್ಲಿ ಮಾಡಬೇಕಾದದ್ದು

ಬರವಣಿಗೆಯಿಂದ ಮನಸ್ಸು ಹಗುರಾಗುತ್ತದೆ ಎಂಬುದಕ್ಕೆ ಸಂಶೋಧನೆಯ ಆಧಾರವಿದೆ. 1986ರಲ್ಲಿ ಜೇಮ್ಸ್ ಪೆನ್‌ಬೇಕರ್ ಮತ್ತು ಸ್ಯಾಂಡ್ರಾ ಬೀಲ್ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ನೋವಿನ ಅನುಭವವನ್ನು ಬರೆದರು. ಘಟನೆಯನ್ನೂ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಈ ಅಧ್ಯಯನವನ್ನು ಎಳೆಯ ಮಕ್ಕಳಿಗೆ, ದುರಂತದ ಮರುವಾರವೇ, ಒತ್ತಾಯದಿಂದ ಅನ್ವಯಿಸಬಾರದು. ದುರಂತಕ್ಕೆ ಸಿಲುಕಿದವರಿಂದ ನಡೆದುದನ್ನು ಒತ್ತಾಯದಿಂದ ಹೇಳಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ 2011ರ ಮಾನಸಿಕ ಪ್ರಥಮ ಚಿಕಿತ್ಸೆಯ ಮಾರ್ಗದರ್ಶಿಯೂ ತಿಳಿಸುತ್ತದೆ. ಈ ಹಿನ್ನೆಲೆಯಲ್ಲಿ ಕೆಲವು ಸಲಹೆಗಳನ್ನು ಮುಂದಿಡುತ್ತೇನೆ.

ಮೊದಲನೆಯದು: ಶಾಲೆ ತೆರೆದ ಮೊದಲ ವಾರಗಳಲ್ಲಿ 'ನಾನು ಕಂಡ ಪ್ರವಾಹ' ಎಂಬಂಥ ಪ್ರಬಂಧವನ್ನು ಕೊಡಬೇಡಿ. ಬದಲಿಗೆ ಆಯ್ಕೆ ಕೊಡಿ. ಚಿತ್ರ, ಒಗಟು, ಅಜ್ಜಿಕಥೆ, ಪ್ರಾಣಿಯ ಕಥೆ ಯಾವುದಾದರೂ ಆಗಲಿ. ಏನೂ ಬರೆಯದೆ ಕುಳಿತಿರುವುದೂ ಒಂದು ಆಯ್ಕೆಯಾಗಲಿ.

ಎರಡನೆಯದು: ಮಗು ರೂಪ ಬದಲಿಸುವ ಪ್ರಾಣಿಯ ಕಥೆ ಬರೆದರೆ ಮೂರು ಪ್ರಶ್ನೆಗಳನ್ನು ಕೇಳಿ. ಅದು ಯಾವಾಗ ಬದಲಾಗುತ್ತದೆ? ಅದಕ್ಕೆ ಯಾವುದರ ಭಯ? ಮರಳಿ ಬರಲು ಅದಕ್ಕೆ ಏನು ಬೇಕು, ಯಾರು ಬೇಕು? ಈ ಪ್ರಶ್ನೆಗಳು ಕಥೆಯ ಪ್ರಾಣಿಯನ್ನು ಕುರಿತವು, ಮಗುವನ್ನು ಕುರಿತವಲ್ಲ. ಇದು ನೀನೇ ತಾನೆ ಎಂದು ಎಂದಿಗೂ ಕೇಳಬೇಡಿ. ಮುಖವಾಡ ತೆಗೆಸಿದರೆ ಆಟ ನಿಂತುಹೋಗುತ್ತದೆ.

ಮೂರನೆಯದು: ಬಿಸ್‌ಕ್ಲಾವ್ರೆಯ ಹಿರಿಯನ ಮಾತು. ಎಲ್ಲರೆದುರು ರೂಪ ಬದಲಿಸಲು ನಾಚಿಕೆಯಾಗುತ್ತದೆ. ಆದ್ದರಿಂದ ಮಗುವಿನ ಒಪ್ಪಿಗೆಯಿಲ್ಲದೆ ಅದರ ಕಥೆಯನ್ನು ತರಗತಿಯಲ್ಲಿ ಓದಬಾರದು, ಗೋಡೆಪತ್ರಿಕೆಗೆ ಹಾಕಬಾರದು, ವರದಿಗಾರರ ಕೈಗೆ ಕೊಡಬಾರದು. ಒಳ್ಳೆಯ ಕಥೆಯೆಂಬ ಅಭಿಮಾನವೂ ಇದಕ್ಕೆ ವಿನಾಯಿತಿಯಲ್ಲ.

ನಾಲ್ಕನೆಯದು: ಕೆಂಪು ಶಾಯಿ ಸ್ವಲ್ಪ ಕಾಲ ವಿರಮಿಸಲಿ. ಕಾಸರಗೋಡಿನ ಮಗುವಿನ ಕಥೆಯಲ್ಲಿ ತುಳು, ಮಲಯಾಳದ ಪದಗಳು ಬರುತ್ತವೆ. ಜತ್ತದ ಮಗುವಿನಲ್ಲಿ ಮರಾಠಿ, ತಾಳವಾಡಿಯ ಮಗುವಿನಲ್ಲಿ ತಮಿಳು, ಮಡಕಶಿರೆಯ ಮಗುವಿನಲ್ಲಿ ತೆಲುಗು. ಭಯದ ಮಾತಿಗೆ ಮಗು ಆರಿಸಿಕೊಂಡ ಪದವೇ ಸರಿಯಾದ ಪದ. ಶಿಷ್ಟ ರೂಪವನ್ನು ಮುಂದಿನ ಪಾಠದಲ್ಲಿ, ಬೇರೆ ಬರವಣಿಗೆಯ ಮೇಲೆ ಕಲಿಸಬಹುದು.

ಐದನೆಯದು: ಮಗುವಿನ ಪರಿಸರದ ಪ್ರಾಣಿಗೆ ಬಾಗಿಲು ತೆರೆಯಿರಿ. ಸೊಲ್ಲಾಪುರ ಸೀಮೆಯ ಹುಲ್ಲುಗಾವಲಿನಲ್ಲಿ ನಿಜವಾದ ತೋಳಗಳಿವೆ. ಕುರಿಗಾಹಿ ಮನೆತನದ ಮಗು ತೋಳವನ್ನು ಮೊಬೈಲಿನಲ್ಲಿ ಅಲ್ಲ, ಹಟ್ಟಿಯ ಅಂಚಿನಲ್ಲಿ ನೋಡಿರುತ್ತದೆ. ಅದರ ತೋಳ ಮರಿ ಹೊತ್ತೊಯ್ಯುವ ತೋಳ. ನೀಲಗಿರಿಯ ಮಗುವಿನದು ಹುಲಿ, ವಯನಾಡಿನದು ಆನೆ. ಮೊಬೈಲಿನ ತೋಳವನ್ನು ಅನುಕರಿಸುತ್ತಿದ್ದ ಮಗು ತಾನು ಕಂಡ ಪ್ರಾಣಿಯನ್ನು ಬರೆಯತೊಡಗಿದಾಗ ವಾಕ್ಯಗಳು ಬದಲಾಗುತ್ತವೆ. ಎರವಲು ವಿಶೇಷಣಗಳು ಉದುರಿ ನೋಟ ನಿಖರವಾಗುತ್ತದೆ.

ಆರನೆಯದು ಎಚ್ಚರಿಕೆಯ ಮಾತು. ಮೃಗವಾಗುವವರ ಕಥೆಗಳಲ್ಲಿ ಕೆಲವು, ಯಾವುದೋ ಜಾತಿಯ ಅಥವಾ ಬುಡಕಟ್ಟಿನ ಜನರನ್ನು ಮಾಟಗಾರರೆಂದು ದೂರುತ್ತವೆ. ಮಲಬಾರಿನ ಒಡಿಯನ್ ಕಥೆಗಳಲ್ಲಿ ಇಂಥ ಕಳಂಕ ಅಂಟಿಕೊಂಡಿದೆ. ಅದೇ ಬೆಂಚಿನಲ್ಲಿ ಆ ಸಮುದಾಯದ ಮಗುವೂ ಕುಳಿತಿರಬಹುದು. ಕಥೆಯ ಮೃಗ ಯಾರಾದರೂ ಆಗಬಹುದು, ಒಂದು ಕುಲದ ಜನ ಮಾತ್ರ ಆಗಕೂಡದು.

ಇನ್ನು ಪ್ರೇಮದ ವಿಷಯ. ನಾವು ಮುಜುಗರದಿಂದ ಜಾರಿಕೊಳ್ಳುವುದು ಇಲ್ಲಿಯೇ. ಮೊಬೈಲಿನ ತೋಳಪ್ರೇಮದ ಕಥೆಗಳಲ್ಲಿ ಎಲ್ಲವೂ ನಿರುಪದ್ರವಿಯಲ್ಲ. ಹುಡುಗಿಯನ್ನು ನನ್ನವಳೆಂದು ಹಲ್ಲು ಕಚ್ಚಿ ಎಳೆದೊಯ್ಯುವವನೇ ನಾಯಕ, ಅವಳ 'ಬೇಡ' ಎಂಬ ಮಾತಿಗೆ ಬೆಲೆಯಿಲ್ಲ, ವಿಧಿಯೇ ಜೋಡಿ ಮಾಡಿದೆ ಎಂಬ ನೆಪ. ಕೆಲವು ಕಥೆಗಳು ಮಕ್ಕಳು ಓದುವಂಥವೂ ಅಲ್ಲ. ಪುಸ್ತಕ ಕಿತ್ತುಕೊಂಡರೆ ಈ ಚರ್ಚೆಗೆ ಅವಕಾಶವೇ ಇರುವುದಿಲ್ಲ. ಹಾಗೆ ಮಾಡದೆ, ಈ ಕಥೆಯಲ್ಲಿ ಹುಡುಗಿಗೆ ಆಯ್ಕೆ ಇತ್ತೇ, ಅವಳು ಒಪ್ಪದಿದ್ದರೆ ಅವನು ಏನು ಮಾಡುತ್ತಿದ್ದ ಎಂದು ಬರೆದವಳನ್ನೇ ಕೇಳಿ. ನಾಗಮಂಡಲದ ರಾಣಿಗೆ ಹಗಲಿನ ಗಂಡನೂ ರಾತ್ರಿಯ ಗಂಡನೂ ಏಕೆ ಬೇರೆಯಾಗಿ ಕಂಡರು ಎಂಬ ಪ್ರಶ್ನೆಯನ್ನು ಹತ್ತನೆಯ ತರಗತಿಯ ಮಕ್ಕಳು ಗಂಭೀರವಾಗಿ ಚರ್ಚಿಸಬಲ್ಲರು. ಪ್ರೀತಿಯಲ್ಲಿ ಬಲವಂತಕ್ಕೆ ಜಾಗವಿಲ್ಲ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಸಿಗದು.

ಕಥೆಯೊಂದೇ ಎಲ್ಲಕ್ಕೂ ಮದ್ದು ಎಂದು ನಾನು ಹೇಳುತ್ತಿಲ್ಲ. 1976ರಲ್ಲಿ ಕ್ಯಾಲಿಫೋರ್ನಿಯದ ಚೌಚಿಲಾ ಎಂಬಲ್ಲಿ ಶಾಲಾ ಬಸ್ಸಿನೊಂದಿಗೆ ಅಪಹರಣಕ್ಕೊಳಗಾಗಿ ಪಾರಾದ ಮಕ್ಕಳನ್ನು ಮನೋವೈದ್ಯೆ ಲೆನೋರ್ ಟೆರ್ ದೀರ್ಘಕಾಲ ಅಭ್ಯಾಸ ಮಾಡಿದರು. ಅವರು ಗುರುತಿಸಿದ ಲಕ್ಷಣಗಳಲ್ಲೊಂದು, ಸಂತೋಷವಿಲ್ಲದೆ, ಬದಲಾವಣೆಯಿಲ್ಲದೆ ಒಂದೇ ಆಟವನ್ನು ಮತ್ತೆ ಮತ್ತೆ ಆಡುವುದು. ಬರವಣಿಗೆಯಲ್ಲಿಯೂ ಈ ವ್ಯತ್ಯಾಸ ತಿಳಿಯುತ್ತದೆ. ವಾರದಿಂದ ವಾರಕ್ಕೆ ಕಥೆ ಕದಲುತ್ತಿದ್ದರೆ, ಹೊಸ ಪಾತ್ರ ಬಂದರೆ, ಯಾರೋ ನೆರವಿಗೆ ಬಂದರೆ, ಮಗು ಚೇತರಿಸಿಕೊಳ್ಳುತ್ತಿದೆ. ತಿಂಗಳುಗಟ್ಟಲೆ ಅದೇ ಸಾವು, ಅದೇ ರಾತ್ರಿ, ಅದೇ ಅಂತ್ಯ ಮರುಕಳಿಸುತ್ತಿದ್ದರೆ, ನಿದ್ರೆ ಊಟ ಬಿಟ್ಟಿದ್ದರೆ, ಸಾಯುವ ಮಾತು ಆಡಿದರೆ, ಅದು ನಮ್ಮ ಶಕ್ತಿಯನ್ನು ಮೀರಿದ ವಿಷಯ. ಆಗ ಪಾಲಕರೊಂದಿಗೆ ಮಾತನಾಡಿ ವೈದ್ಯರ ನೆರವು ಪಡೆಯಬೇಕು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416; ಮಕ್ಕಳ ಸಹಾಯವಾಣಿ 1098. ಕಥೆಯ ಮೃಗ ಮನೆಯೊಳಗಿನ ಅಥವಾ ಶಿಬಿರದೊಳಗಿನ ಮನುಷ್ಯನೇ ಎಂದೂ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದೂ ತಿಳಿದುಬಂದರೆ 2012ರ ಪೋಕ್ಸೋ ಕಾಯಿದೆಯಂತೆ ದೂರು ಸಲ್ಲಿಸುವುದು ನಮ್ಮ ಕಡ್ಡಾಯ ಕರ್ತವ್ಯ. ಗುಟ್ಟು ಕಾಯುವ ಭರವಸೆಯನ್ನು ಅಲ್ಲಿ ಕೊಡಕೂಡದು.

ಬಂಧುಗಳೇ, ಪರೀಕ್ಷೆಯ ಪಠ್ಯದಲ್ಲಿ ಈ ಬರವಣಿಗೆಗೆ ಅಂಕಗಳಿಲ್ಲ. ವಾರಕ್ಕೆ ಒಂದು ಅವಧಿಯನ್ನು ಇದಕ್ಕೆ ಬಿಟ್ಟುಕೊಡುವುದು ಎಷ್ಟು ಕಷ್ಟವೆಂಬುದು ಏಕೋಪಾಧ್ಯಾಯ ಶಾಲೆಗಳನ್ನು ನಡೆಸುವ ತಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಕೇಳಿಕೊಳ್ಳುತ್ತೇನೆ. ಮುಂದಿನ ವಾರ ತಮ್ಮ ತರಗತಿಯಲ್ಲಿ ಹಿಂದಿನ ಹಾಳೆಯ ಕಥೆಯೊಂದು ಕೈಗೆ ಸಿಕ್ಕರೆ, ಪುಸ್ತಕವನ್ನು ಮುಚ್ಚಿ ಮಗುವಿನ ಕೈಗೇ ಮರಳಿಸಿ, ಮುಂದೇನಾಯಿತು ಎಂದು ಕೇಳಿ. ಉತ್ತರ ಕನ್ನಡದಲ್ಲಿ ಬಂದರೆ, ಆ ಮಗುವಿಗೆ ಕನ್ನಡವು ಪರೀಕ್ಷೆಯ ವಿಷಯವಾಗಿ ಉಳಿಯದೆ ತನ್ನ ಭಯವನ್ನು ಹೇಳಿಕೊಳ್ಳಬಹುದಾದ ಭಾಷೆಯಾಗಿದೆ ಎಂದು ತಿಳಿಯಿರಿ. ಅಂಥ ಭಾಷೆಯನ್ನು ಮಕ್ಕಳು ಸುಲಭವಾಗಿ ಬಿಟ್ಟುಕೊಡುವುದಿಲ್ಲ.